ಡಾಕ್ಟರಿಗೆ ಕೇಳಿಸದ ಸದ್ದು

ಸೋಪಿನ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಡಾಕ್ಟರು ಎಂದೇ ಕರೆಯುತ್ತಿದ್ದರು. ಅವನು ಕಲಿತದ್ದು ಫಿಟ್ಟರ್ ಕೆಲಸ. ಯಾವುದಾದರೂ ಮೆಷಿನ್ ನರಳತೊಡಗಿದರೆ ಅವನು ಬರುತ್ತಿದ್ದ. ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಸುತ್ತ ನಿಂತವರು ರೋಗಿಯ ಮನೆಯವರ ಹಾಗೆ ಮುಖ ಸಣ್ಣದು ಮಾಡಿಕೊಂಡು ಕಾಯುತ್ತಿದ್ದರು. ಆಮೇಲೆ ಅವನು, “ಹಿಂದಿನ ಬೇರಿಂಗ್ ಸವೆದಿದೆ, ಇನ್ನು ನಾಲ್ಕು ದಿನ ಬಂದೀತು” ಅನ್ನುತ್ತಿದ್ದ. ಅದು ನಾಲ್ಕೇ ದಿನ ಬರುತ್ತಿತ್ತು. ಮೂವತ್ತು ವರ್ಷ ಹೀಗೇ ನಡೆದಿತ್ತು.

ಆ ಕಿವಿ ಕೈಕೊಟ್ಟು ಐದಾರು ವರ್ಷವಾಗಿತ್ತೆಂಬುದು ಕಾರ್ಖಾನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೊದಲು ಹೋದದ್ದು ಸೊಳ್ಳೆಯ ಸದ್ದು. ಕಚ್ಚಿದ ಮೇಲೆಯೇ ಅದು ಬಂದಿದೆ ಎಂದು ತಿಳಿಯುತ್ತಿತ್ತು. ಆಮೇಲೆ ಫೋನಿನ ಗಂಟೆ ಹೋಯಿತು. ದಪ್ಪ ಸದ್ದುಗಳು ಕೇಳಿಸುತ್ತಿದ್ದವು: ಅಚ್ಚು ಬೀಳುವ ದಡಬಡ, ಮೋಟರಿನ ಗುಡುಗು. ಕೀ ಎನ್ನುವ, ಚುಂಯ್ ಎನ್ನುವ ತೆಳು ಸದ್ದುಗಳೆಲ್ಲ ಒಂದೊಂದಾಗಿ ಹೇಳದೆ ಕೇಳದೆ ಎದ್ದು ಹೋಗಿದ್ದವು. ಮೆಷಿನ್ ಮಾತಾಡುವುದು ಆ ತೆಳು ದನಿಯಲ್ಲೇ.

ಆದರೂ ಅವನು ಹೇಗೋ ನಿಭಾಯಿಸುತ್ತಿದ್ದ. ಸ್ಕ್ರೂಡ್ರೈವರ್ ಹಿಡಿದ ಕೈಗೆ ಅದುರು ತಿಳಿಯುತ್ತಿತ್ತು, ಹಳೆಯ ಅನುಭವ ಜತೆಗಿತ್ತು. ಸಾಲದ್ದಕ್ಕೆ ಒಂದು ಉಪಾಯವನ್ನೂ ಕಂಡುಕೊಂಡಿದ್ದ. “ಎಂಥ ಸದ್ದು ಬಂತು, ನೀನೇ ಮಾಡಿ ತೋರಿಸು ನೋಡೋಣ” ಎಂದು ಮೆಷಿನ್ ನಡೆಸುವವರನ್ನೇ ಕೇಳುತ್ತಿದ್ದ. ಅವರು ತುಟಿ ಚೂಪಾಗಿಸಿ ಕುಯ್ಯೋ ಎನ್ನುವುದೂ ಗಲ್ಲ ಉಬ್ಬಿಸಿ ಬುರ್ರೆನ್ನುವುದೂ ನೋಡುವಂತಿರುತ್ತಿತ್ತು. ಅವರ ತುಟಿ ನೋಡಿಯೇ ಅವನು ರೋಗ ಹೇಳುತ್ತಿದ್ದ. ನಗು ಬರುವ ಸಂಗತಿಯೇ. ಆದರೆ ದಿನಕ್ಕೆ ಎಂಟು ಗಂಟೆ ಹೀಗೆ ಮುಖಗಳನ್ನು ಓದಿ ಓದಿ, ಎಲ್ಲಿ ಸಿಕ್ಕಿಬೀಳುತ್ತೇನೋ ಎಂದು ಕಾದು ಕಾದು, ಶಿಫ್ಟ್ ಮುಗಿಯುವ ಹೊತ್ತಿಗೆ ಅವನ ತಲೆ ನೆನೆದ ಗೋಣಿಚೀಲದಷ್ಟು ಭಾರವಾಗಿರುತ್ತಿತ್ತು. ಸ್ಪ್ಯಾನರ್ ಹಿಡಿದು ಅವನು ಯಾವತ್ತೂ ಅಷ್ಟು ದಣಿದಿರಲಿಲ್ಲ.

ಕಾರ್ಖಾನೆಯ ದೊಡ್ಡ ಹಾಲ್‌ನಲ್ಲಿ ಎರಡನೆಯ ಲೈನಿನ ಅಚ್ಚಿನ ಮೆಷಿನ್ ನಡೆಸುತ್ತಿದ್ದವಳು ಅವನ ಸ್ವಂತ ತಂಗಿ. ಬೆಚ್ಚಗಿನ ಸೋಪಿನ ತುಂಡುಗಳು ಸಾಲಾಗಿ ಬಂದು ಅಚ್ಚಿನ ಕೆಳಗೆ ಕೂರುತ್ತಿದ್ದವು, ದಡ್ ಎಂದು ಹೆಸರು ಒತ್ತಿಸಿಕೊಂಡು ಮುಂದೆ ಹೋಗುತ್ತಿದ್ದವು. ಹದಿನಾಲ್ಕು ವರ್ಷದಿಂದ ಅವಳು ಅದರ ಮುಂದೆ ನಿಂತಿದ್ದಳು. ಮನೆ ಅಣ್ಣನ ಮನೆಯಿಂದ ಎರಡು ಬೀದಿ ಆಚೆ. ಬೆಳಗಿನ ಶಿಫ್ಟಿಗೆ ಇಬ್ಬರೂ ಜತೆಯಲ್ಲೇ ನಡೆದು ಬರುತ್ತಿದ್ದರು. ಅವಳು ದಾರಿಯುದ್ದಕ್ಕೂ ಮಾತಾಡುತ್ತಿದ್ದಳು, ಅವನು ಹೂಂ ಹೂಂ ಎನ್ನುತ್ತಿದ್ದ. ಎಷ್ಟೋ ಸಲ ಏನಕ್ಕೆ ಹೂಂ ಎಂದೆ ಎಂಬುದು ಅವನಿಗೇ ತಿಳಿಯುತ್ತಿರಲಿಲ್ಲ.

ಆ ವರ್ಷ ಕಾರ್ಖಾನೆಗೆ ಹೊಸ ಪದ್ಧತಿ ಬಂತು. ಅದನ್ನು ತಂದವಳು ಮೂವತ್ತೈದರ ಆಸುಪಾಸಿನ ಒಬ್ಬ ಇಂಜಿನಿಯರ್, ಸಣ್ಣ ಮೈಯ ಹೆಂಗಸು, ಕಂಕುಳಲ್ಲಿ ಸದಾ ಒಂದು ಕಟ್ಟು ಚೀಟಿ. ಬಂದ ಮೂರೇ ದಿನಕ್ಕೆ ಅವಳಿಗೆ ಚೀಟಿ ಮೇಡಂ ಎಂಬ ಹೆಸರು ಬಿತ್ತು. ಅವಳು ಹೇಳುತ್ತಿದ್ದುದು ಇಷ್ಟೇ: ಮೆಷಿನ್ ಕೆಟ್ಟ ಮೇಲೆ ಫಿಟ್ಟರನ್ನು ಕೂಗುವುದು ಬೇಡ, ಕೆಡದ ಹಾಗೆ ನಡೆಸುವವರೇ ನೋಡಿಕೊಳ್ಳಬೇಕು. ದಿನಾ ಒರೆಸಬೇಕು, ಎಣ್ಣೆ ಬಿಡಬೇಕು, ಸಡಿಲವಾದದ್ದನ್ನು ಬಿಗಿಯಬೇಕು. ತಾವೇ ಸರಿಮಾಡಬಹುದಾದ ತೊಂದರೆಗೆ ಬಿಳಿ ಚೀಟಿ ಕಟ್ಟಬೇಕು, ಫಿಟ್ಟರ್ ಬೇಕಾದದ್ದಕ್ಕೆ ಕೆಂಪು. ಚೀಟಿಯಲ್ಲಿ ಎರಡು ಭಾಗ: ಒಂದನ್ನು ಮೆಷಿನ್ನಿಗೆ ಕಟ್ಟುವುದು, ಇನ್ನೊಂದನ್ನು ಗೋಡೆಯ ಬೋರ್ಡಿಗೆ ತೂಗುಹಾಕುವುದು. ಮೆಷಿನ್ ನಿಂತರೆ ಎಲ್ಲರೂ ಕೂತು ‘ಯಾಕೆ’ ಎಂದು ಐದು ಸಲ ಕೇಳಿಕೊಳ್ಳುವುದು.

“ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ್ನಂತೆ. ಸೋಪು ಮಾಡೋರಿಗೆ ಆ ಗಾದೆ ಬೇರೆ ಹೇಳ್ಬೇಕಾ?” ಎಂದ ಪಕ್ಕದ ಲೈನಿನ ಲಂಬು. ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರದ ಆಳು ಅವನು. ಎಲ್ಲರೂ ನಕ್ಕರು. ಇಂಥ ಪದ್ಧತಿಗಳು ಹಿಂದೆಯೂ ಬಂದಿದ್ದವು. ಗೋಡೆಗೆ ಅಂಟಿಸಿದ ಹಾಳೆ ಹಳದಿಯಾಗುವ ಮೊದಲೇ ಮಾಯವಾಗಿದ್ದವು.

ಈ ಸಲ ಹಾಗಾಗಲಿಲ್ಲ. ಒಂದು ಶನಿವಾರ ಎರಡನೆಯ ಲೈನನ್ನು ಇಡೀ ದಿನ ನಿಲ್ಲಿಸಿ, ಅಚ್ಚಿನ ಮೆಷಿನ್ನಿನ ಕವಚಗಳನ್ನೆಲ್ಲ ಬಿಚ್ಚಿಸಿದರು. ಒಳಗೆ ವರ್ಷಗಳ ಸೋಪಿನ ಪುಡಿ ಎಣ್ಣೆಯೊಂದಿಗೆ ಕಲೆತು ಕಲ್ಲಾಗಿತ್ತು. ತಂಗಿ ಸೊಂಟಕ್ಕೆ ಬಟ್ಟೆ ಬಿಗಿದುಕೊಂಡು ಮಂಡಿಯೂರಿದಳು. ಕೆರೆದಳು, ಒರೆಸಿದಳು. ಒರೆಸಿದಷ್ಟೂ ಒಂದೊಂದು ಹುಳುಕು ಹೊರಬಂತು: ಮುರಿದ ಬೋಲ್ಟು, ಸೋರುವ ಪೈಪು, ಯಾವ ಕಾಲದಲ್ಲೋ ಸಿಕ್ಕಿಸಿಟ್ಟ ರಟ್ಟಿನ ಚೂರು. ಸಂಜೆಗೆ ಒಂದೇ ಮೆಷಿನ್ನಿಗೆ ಅರವತ್ತಮೂರು ಚೀಟಿ, ಅದರಲ್ಲಿ ಮೂವತ್ತೊಂದು ಕೆಂಪು. ಮೂವತ್ತೊಂದೂ ಡಾಕ್ಟರನ ತಲೆಯ ಮೇಲೆ.

“ಹದಿನಾಲ್ಕು ವರ್ಷ ಇದರ ಮುಂದೇನೇ ನಿಂತಿದ್ದೆ ಕಣಣ್ಣ, ಒಂದ್ ದಿನವೂ ಇದರ ಬೆನ್ನು ನೋಡಿರ್ಲಿಲ್ಲ” ಎಂದಳು ತಂಗಿ. ಅವಳ ಮುಖದಲ್ಲಿ ದಣಿವಿನ ಜತೆಗೆ, ಅವನು ಅವಳಲ್ಲಿ ಬಹುಕಾಲದಿಂದ ಕಂಡಿರದ ಒಂದು ಉತ್ಸಾಹವಿತ್ತು.

ಸೋಮವಾರದಿಂದ ಅವನು ಒಂದೊಂದೇ ಕೆಂಪು ಚೀಟಿ ಬಿಚ್ಚುತ್ತ ಬಂದ. ಗುರುವಾರ ಮಧ್ಯಾಹ್ನ ತಂಗಿ ಮತ್ತೊಂದು ಕಟ್ಟಿದಳು, ಹಿಂದುಗಡೆ ತಿರುಗುವ ದೊಡ್ಡ ಶಾಫ್ಟಿನ ಎಡಗಡೆಯ ಬೇರಿಂಗಿಗೆ. ‘ಸದ್ದು’ ಎಂದಷ್ಟೇ ಬರೆದಿದ್ದಳು.

“ಎಂಥ ಸದ್ದು?”

“ಸಣ್ಣಗೆ ಕೀ ಅಂತ ಎಳೀತದೆ. ನಿಂಗೆ ಕೇಳಿಸ್ತಿಲ್ವಾ? ಇಲ್ಲೇ ನಿಂತ್ರೂ ಕೇಳಿಸ್ತದಲ್ಲ.”

ಅವನು ಸ್ಕ್ರೂಡ್ರೈವರ್ ಆನಿಸಿದ, ಕಣ್ಣು ಮುಚ್ಚಿದ. ದಡಬಡ ಬಿಟ್ಟರೆ ಬೇರೇನೂ ಇಲ್ಲ. ಕೈಗೂ ವಿಶೇಷವಾದ ಅದುರು ತಿಳಿಯಲಿಲ್ಲ. ಬಿಚ್ಚಿ ನೋಡಬೇಕೆಂದರೆ ಅರ್ಧ ದಿನದ ಕೆಲಸ. ಇನ್ನೂ ಹದಿನೇಳು ಚೀಟಿ ಬಾಕಿ. ಸೊಂಟ ನೋಯುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಲಂಬು ಪಕ್ಕದಲ್ಲೇ ನಿಂತು ಅವನ ಬಾಯನ್ನೇ ನೋಡುತ್ತಿದ್ದ.

“ಏನಿಲ್ಲ. ಬೆಲ್ಟಿನ ಸದ್ದು ಅದು. ಬೇರಿಂಗ್ ಗುಂಡುಕಲ್ಲಿನ ಹಾಗಿದೆ” ಎಂದ ಡಾಕ್ಟರ್.

“ಬೆಲ್ಟಿಂದ ಅಲ್ಲಣ್ಣ…”

“ನಾನು ಕೇಳಿದ್ನಲ್ಲ! ನಿನ್ನೆ ಮೊನ್ನೆ ಒರೆಸೋಕೆ ಕಲಿತೋಳು ನಂಗೆ ಹೇಳ್ಕೊಡ್ತೀಯಾ?”

ಅವನು ಚೀಟಿ ಬಿಚ್ಚಿಕೊಂಡ. ಹೋಗುವಾಗ ಬೋರ್ಡಿನಲ್ಲಿದ್ದ ಅದರ ಇನ್ನೊಂದು ಭಾಗವನ್ನೂ ಕಿತ್ತು, ಎರಡನ್ನೂ ಜೇಬಿಗೆ ತುರುಕಿದ. ಬೋರ್ಡಿನಲ್ಲಿ ಅದು ಇದ್ದರೆ ಚೀಟಿ ಮೇಡಂ ಬಂದು ಮತ್ತೆ ಕೇಳುತ್ತಾಳೆ, ಮತ್ತೆ ಕಿವಿ ಆನಿಸಬೇಕು. ಅಷ್ಟೇ ಅವನಿಗೆ ಹೊಳೆದದ್ದು. ತಂಗಿ ಮತ್ತೆ ಸೋಪಿನ ಸಾಲಿನ ಕಡೆ ತಿರುಗಿದಳು. ಹಿರಿಯಣ್ಣ, ಅದರ ಮೇಲೆ ಡಾಕ್ಟರು.

ಮುಂದಿನ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಆ ಬೇರಿಂಗ್ ಕಚ್ಚಿಕೊಂಡಿತು. ಶಾಫ್ಟ್ ಗಕ್ಕನೆ ನಿಂತಿತು. ಬೆಲ್ಟು ಕಿತ್ತು ಚಾಟಿಯಂತೆ ಬೀಸಿ, ಕವಚದ ಸಂದಿಯಿಂದ ಹೊರಬಂದು ತಂಗಿಯ ಬಲಮಣಿಕಟ್ಟಿಗೆ ಬಡಿಯಿತು. ಡಾಕ್ಟರ್ ಓಡಿ ಬಂದಾಗ ಅವಳು ಪೆಟ್ಟಿಗೆಯೊಂದರ ಮೇಲೆ ಕೂತು, ಎಡಗೈಯಲ್ಲಿ ಬಲಗೈ ಹಿಡಿದುಕೊಂಡಿದ್ದಳು. ಮಣಿಕಟ್ಟು ಆಗಲೇ ಊದಿ ನೀಲಿಯಾಗಿತ್ತು. ಮೂಳೆ ಮುರಿದಿರಲಿಲ್ಲ ಎಂಬುದು ಪುಣ್ಯ. ಅವಳು ಅವನ ಮುಖ ನೋಡಿದಳು. ನೋಡಿ, ಕಣ್ಣು ಬೇರೆ ಕಡೆ ಹೊರಳಿಸಿದಳು.

ಶಾಫ್ಟ್ ಬದಲಾಯಿಸಲು ಎರಡು ದಿನ ಹಿಡಿಯಿತು. ಗುರುವಾರ ಬೋರ್ಡಿನ ಮುಂದೆ ಕುರ್ಚಿ ಹಾಕಿ ಎಲ್ಲರನ್ನೂ ಕೂರಿಸಿದರು. ಮ್ಯಾನೇಜರೂ ಬಂದಿದ್ದರು, ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತಿದ್ದರು. ಚೀಟಿ ಮೇಡಂ ಬರೆಯುತ್ತ ಹೋದಳು. ಲೈನ್ ಯಾಕೆ ನಿಂತಿತು? ಶಾಫ್ಟ್ ಕಚ್ಚಿಕೊಂಡಿತು. ಯಾಕೆ? ಬೇರಿಂಗ್ ಒಣಗಿತ್ತು. ಯಾಕೆ? ಗ್ರೀಸ್ ಹೋಗುವ ಕೊಳವೆಯಲ್ಲಿ ಸೋಪು ಗಟ್ಟಿಯಾಗಿತ್ತು. ಅದು ಮೊದಲೇ ಯಾಕೆ ಗೊತ್ತಾಗಲಿಲ್ಲ? ಅಲ್ಲಿಗೆ ಕೆಂಪು ಚೀಟಿ ಬಿದ್ದಿರಲಿಲ್ಲ.

“ಚೀಟಿ ಯಾಕೆ ಬೀಳ್ಲಿಲ್ಲ?” ಎಂದು ಅವಳು ತಿರುಗಿದಳು.

ಎಲ್ಲರೂ ತಂಗಿಯ ಕಡೆ ನೋಡಿದರು. ಡಾಕ್ಟರನ ಕೈ ತಾನಾಗಿ ಜೇಬಿಗೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಗಾಬರಿಯಾಗಿ ಕೈ ಹೊರಗೆ ತೆಗೆದ. ಈಗ ಹೇಳಬೇಕು, ಈಗಲೇ ಹೇಳಬೇಕು ಅನ್ನಿಸಿತು.

“ಕಟ್ಲಿಲ್ಲ ನಾನು. ಮರ್ತ್ಬಿಟ್ಟೆ” ಎಂದಳು ತಂಗಿ, ಬ್ಯಾಂಡೇಜ್ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು.

ಚೀಟಿ ಮೇಡಂ ಅದನ್ನು ಬರೆಯದೆ ಮ್ಯಾನೇಜರ ಕಡೆ ತಿರುಗಿದಳು. “ಉತ್ತರ ಒಬ್ಬರ ಹೆಸರಿಗೆ ಬಂದು ನಿಂತ್ರೆ ನಾವು ಇನ್ನೂ ಕೇಳೋದು ಮುಗಿಸಿಲ್ಲ ಅಂತ ಅರ್ಥ, ಸಾರ್” ಎಂದಳು. ಮ್ಯಾನೇಜರು ಎದ್ದು ನಿಂತಿದ್ದರು. “ಬರೀರಮ್ಮ, ಗಮನ ಕೊಟ್ಟಿಲ್ಲ ಅಂತ. ಎರಡು ವಾರ ಅವರನ್ನ ಪ್ಯಾಕಿಂಗ್‌ಗೆ ಹಾಕಿ, ತರಬೇತಿ ಕೊಟ್ಟು ಆಮೇಲೆ ವಾಪಸ್ ತಗೊಳ್ಳಿ.” ಅಲ್ಲಿಗೆ ಸಭೆ ಮುಗಿಯಿತು.

ಮನೆಗೆ ಹೋಗುವಾಗ ತಂಗಿ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಅವಳ ಬೀದಿಯ ತಿರುವಿನಲ್ಲಿ ಅವನೇ ಬಾಯಿಬಿಟ್ಟ.

“ಯಾಕೆ ಹಾಗೆ ಹೇಳ್ದೆ?”

“ಮತ್ತೇನು ಹೇಳ್ಲಿ? ನಮ್ಮಣ್ಣ ಜೇಬಿಗೆ ಹಾಕ್ಕೊಂಡ ಅಂತ ಹೇಳ್ಲಾ?” ಅವಳು ಕೂಗಿ ಹೇಳಿದ್ದಳಾದ್ದರಿಂದ ಒಂದಕ್ಷರವೂ ತಪ್ಪದೆ ಕೇಳಿಸಿತು. “ನಂಗೆ ಪ್ಯಾಕಿಂಗ್ ಏನೂ ದೊಡ್ಡದಲ್ಲ. ಅಲ್ಲಾ ಕಣಣ್ಣ, ಅಷ್ಟು ಜೋರಾಗಿ ಕೀ ಅಂತಿತ್ತು. ನಿಂಗೆ ಹೇಗೆ ಕೇಳಿಸ್ಲಿಲ್ಲ?”

ಅವನು ಚಪ್ಪಲಿ ನೋಡುತ್ತ ನಿಂತ. ಅವಳು ಅವನ ಎಡಗಡೆಗೆ ಸರಿದು, ಬಾಯಿ ಮರೆಯಾಗುವಂತೆ ಮುಖ ತಿರುಗಿಸಿ ಮೆಲ್ಲಗೆ ಏನೋ ಹೇಳಿದಳು. ಅವನು “ಹೂಂ” ಎಂದ.

ಅವಳು ತಿರುಗಿದಾಗ ಅವಳ ಕಣ್ಣಲ್ಲಿ ನೀರಿತ್ತು. “ನಿನ್ನ ಮನೆಗೆ ಬೆಂಕಿ ಬಿದ್ದಿದೆ ಅಂದೆ. ಹೂಂ ಅಂತೀಯಲ್ಲೋ” ಎಂದಳು. ತನ್ನ ಬೀದಿಗೆ ಹೊರಳಿ ಹೊರಟುಹೋದಳು.

ಮನೆಯಲ್ಲಿ ಹೆಂಡತಿ ಕಾಫಿ ತಂದು ಅವನೆದುರು ಕೂತಳು. ಅವನು ಎಲ್ಲವನ್ನೂ ಹೇಳಿದ: ಚೀಟಿ, ಬೇರಿಂಗು, ತಂಗಿಯ ಕೈ. ಕಿವಿಯ ವಿಷಯಕ್ಕೆ ಬಂದಾಗ ತಡವರಿಸಿದ.

“ಅದು ಗೊತ್ತು ಬಿಡಿ. ಅಡುಗೆಮನೆಯಿಂದ ನಿಮ್ಮನ್ನ ಕೂಗೋದು ಬಿಟ್ಟು ನಂಗೆ ಮೂರು ವರ್ಷ ಆಯ್ತು” ಎಂದಳು ಅವಳು.

“ನೀನೂ ಹೇಳ್ಲಿಲ್ವಲ್ಲ?”

“ನೀವೇ ಹೇಳ್ಲಿ ಅಂತ ಕಾದೆ.”

ಅವನು ಕಾಫಿ ಮುಟ್ಟಲಿಲ್ಲ. ಹೆಂಡತಿ ಎದುರು ಬಂದು ಕೂತು ಮಾತಾಡುವುದು ಪ್ರೀತಿಯಿಂದ ಎಂದುಕೊಂಡಿದ್ದ. ಪ್ರೀತಿಯೂ ಇತ್ತು, ಇಲ್ಲವೆಂದಲ್ಲ. ಆದರೂ ಮೂರು ವರ್ಷ ಅವಳು ಪ್ರತಿಯೊಂದು ಮಾತಿಗೂ ಕೈ ತೊಳೆದುಕೊಂಡು ನಡೆದು ಬಂದಿದ್ದಳು. ತಾನೊಬ್ಬನೇ ದಣಿದಿದ್ದೇನೆ ಎಂದು ತಿಳಿದಿದ್ದ ಅವನಿಗೆ ಅದು ಹೊಸ ಲೆಕ್ಕವಾಗಿತ್ತು.

ಮರುದಿನ ಶಿಫ್ಟಿಗಿಂತ ಅರ್ಧ ಗಂಟೆ ಮುಂಚೆ ಹೋದ. ಚೀಟಿ ಮೇಡಂ ಒಬ್ಬಳೇ ಬೋರ್ಡ್ ಒರೆಸುತ್ತಿದ್ದಳು. ಅವನು ಕೆಂಪು ಚೀಟಿಯ ಎರಡು ಭಾಗಗಳನ್ನೂ ಮೇಜಿನ ಮೇಲಿಟ್ಟ. ಬೆವರಿಗೆ ಶಾಯಿ ಹರಡಿತ್ತು, ಆದರೂ ‘ಸದ್ದು’ ಎಂಬುದನ್ನು ಓದಬಹುದಿತ್ತು.

“ನಮ್ಮ ಹುಡುಗಿ ಕಟ್ಟಿದ್ಲು ಮೇಡಂ. ಬಿಚ್ಚಿದೋನು ನಾನು.”

ಅವಳು ಚೀಟಿಯನ್ನೂ ಅವನನ್ನೂ ನೋಡಿದಳು. “ಯಾಕೆ?” ಎಂದಳು. ನಿನ್ನೆ ಬೋರ್ಡಿನ ಮುಂದೆ ಕೇಳಿದ ದನಿಯಲ್ಲ ಅದು.

“ಸದ್ದಿಲ್ಲ ಅಂದ್ಕೊಂಡೆ.”

“ಅವರಿಗೆ ಕೇಳಿಸ್ತಿತ್ತಲ್ಲ?”

“ನಂಗೆ ಕೇಳಿಸಲ್ಲ.” ಹೇಳಿದ ಮೇಲೆ ಅವನು ಕೇಳದೆಯೇ ಕುರ್ಚಿ ಎಳೆದುಕೊಂಡು ಕೂತ. “ಐದಾರು ವರ್ಷ ಆಯ್ತು. ಸಣ್ಣ ಸದ್ದು ಯಾವುದೂ ಕೇಳಿಸಲ್ಲ.”

“ಮತ್ತೆ ಯಾರಿಗೂ ಹೇಳ್ಲಿಲ್ವಾ?”

“ಹೇಳಿದ್ಮೇಲೆ ನಾನು ಯಾವ ಡಾಕ್ಟರು ಮೇಡಂ?”

ಅವಳು ಒರೆಸುವ ಬಟ್ಟೆ ಕೆಳಗಿಟ್ಟು ಎದುರು ಕೂತಳು. ಹತ್ತಿರದಿಂದ ನೋಡಿದರೆ ಅವಳ ಕಣ್ಣ ಕೆಳಗೂ ಕಪ್ಪಿತ್ತು. ಇದು ತನ್ನ ನಾಲ್ಕನೆಯ ಕಾರ್ಖಾನೆ ಎಂದಳು. “ಎಲ್ಲ ಕಡೆಯೂ ನಂಗೊಂದು ಅಡ್ಡಹೆಸರು ಇಡ್ತಾರೆ. ಹೋದ ಕಡೆ ಪೊರಕೆ ಅಂತಿದ್ರು. ಚೀಟಿ ವಾಸಿ.” ಡಾಕ್ಟರನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. “ಇದನ್ನ ನಾನು ಬರೀಲೇಬೇಕಾಗ್ತದೆ. ನಿಮಗೆ ಎಚ್ಚರಿಕೆ ಪತ್ರ ಬರಬಹುದು” ಎಂದಳು.

“ಬರೀರಿ. ಆ ಹುಡುಗಿ ಮರ್ತ್ಲು ಅಂತ ಇರೋದನ್ನ ಮೊದ್ಲು ಹೊಡೆದುಹಾಕಿ.”

ಅವಳು ಹೊಡೆದುಹಾಕಿದಳು. ಆಮೇಲೆ ಅವನನ್ನು ಇನ್ನೊಂದು ಪ್ರಶ್ನೆ ಕೇಳಿದಳು: ಸದ್ದು ತಡೆಯಲು ಕಿವಿಗೆ ಇಟ್ಟುಕೊಳ್ಳುವ ಬೆಣೆಗಳ ಡಬ್ಬ ಬಾಗಿಲಲ್ಲೇ ಇದೆಯಲ್ಲ, ಅದನ್ನು ಯಾರೂ ಯಾಕೆ ಮುಟ್ಟುವುದಿಲ್ಲ? “ಇಟ್ಕೊಂಡ್ರೆ ಮೆಷಿನ್ ಸದ್ದು ಕೇಳಿಸಲ್ಲ ಅಂತ” ಎಂದು ಅವನು ಹೇಳಿದ. “ಸದ್ದು ಕೇಳೋದನ್ನ ಅವರಿಗೆ ಕಲಿಸಿದೋನು ನಾನೇ.” ಅವಳು ಅದನ್ನೂ ಬರೆದುಕೊಂಡಳು.

ಎಚ್ಚರಿಕೆ ಪತ್ರ ಬಂತು. ಅದರ ಜತೆಗೆ ಯಾರೂ ನಿರೀಕ್ಷಿಸದ ಇನ್ನೊಂದು ಆದೇಶವೂ ಬಂತು: ಹಾಲಿನಲ್ಲಿ ಕೆಲಸ ಮಾಡುವ ನಲವತ್ತೆರಡು ಜನರಿಗೂ ಕಿವಿಯ ಪರೀಕ್ಷೆ. ಇದಕ್ಕಾಗಿ ಚೀಟಿ ಮೇಡಂ ಮ್ಯಾನೇಜರ ಬಾಗಿಲಿಗೆ ನಾಲ್ಕು ಸಲ ಅಲೆದಳಂತೆ.

ಮೊದಲು ಡಾಕ್ಟರನನ್ನೇ ಕರೆದರು. ಆಸ್ಪತ್ರೆಯಲ್ಲಿ ಕಪಾಟಿನಷ್ಟೇ ದೊಡ್ಡದಾದ, ಗಾಜಿನ ಕಿಟಕಿಯ ಕೋಣೆ, ಗೋಡೆಗೆಲ್ಲ ಮೆತ್ತೆ. ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟು, ಸದ್ದು ಕೇಳಿಸಿದಾಗಲೆಲ್ಲ ಒತ್ತಿ ಎಂದು ಹೇಳಿ ಬಾಗಿಲು ಮುಚ್ಚಿದರು. ಮೊದಲಿಗೆ ಒಂದೆರಡು ದಪ್ಪ ಸದ್ದು ಬಂದವು, ಒತ್ತಿದ. ಆಮೇಲೆ ಏನೂ ಇಲ್ಲ. ಯಾರ ಮುಖವನ್ನೂ ಓದಬೇಕಾಗಿರಲಿಲ್ಲ, ಯಾರಿಗೂ ಹೂಂ ಅನ್ನಬೇಕಾಗಿರಲಿಲ್ಲ. ಕೇಳಿಸದಿದ್ದರೆ ಕೇಳಿಸಲಿಲ್ಲ, ಅಷ್ಟೇ. ಅವನು ಗೋಡೆಗೆ ಒರಗಿದ. ಸ್ವಲ್ಪ ಹೊತ್ತಿನಲ್ಲಿ ಪರೀಕ್ಷೆ ಮಾಡುವ ಹುಡುಗಿ ಗಾಜು ತಟ್ಟಿ, ತಟ್ಟಿದ್ದೂ ಕೇಳಿಸದಾಗ ಬಾಗಿಲು ತೆಗೆದು ಭುಜ ಅಲುಗಿಸಬೇಕಾಯಿತು. ಡಾಕ್ಟರ್ ಗಾಢ ನಿದ್ದೆಯಲ್ಲಿದ್ದ.

ನಲವತ್ತೆರಡರಲ್ಲಿ ಹನ್ನೊಂದು ಜನರ ಕಿವಿ ಕೆಟ್ಟಿತ್ತು. ಲಂಬುವಿನದಂತೂ ಡಾಕ್ಟರನಿಗಿಂತ ಬಹಳ ವಾಸಿಯೇನಿರಲಿಲ್ಲ. ಅವನೂ ಬಾಯಿ ಬಿಟ್ಟಿರಲಿಲ್ಲ. ಡಾಕ್ಟರ್ ಸ್ಕ್ರೂಡ್ರೈವರ್ ಆನಿಸುವಾಗಲೆಲ್ಲ ಅವನು ಡಾಕ್ಟರನ ತುಟಿ ನೋಡುತ್ತಿದ್ದ. ಡಾಕ್ಟರ್ ಅವನ ತುಟಿ ನೋಡುತ್ತಿದ್ದ. ತಂಗಿಯ ಎಡಗಿವಿಯಲ್ಲೂ ಕೊರತೆ ಶುರುವಾಗಿತ್ತು.

ಅವಳು ಆ ಕಾಗದ ಹಿಡಿದು ನೇರ ಅಣ್ಣನ ಮನೆಗೆ ಬಂದಳು. “ನೋಡು, ನಂದೂ ಬಂದಿದೆ. ಐದು ವರ್ಷದ ಹಿಂದೆ ನೀನು ಬಾಯಿ ಬಿಟ್ಟಿದ್ರೆ ಆವತ್ತೇ ಎಲ್ರೂ ಬೆಣೆ ಇಟ್ಕೊಳ್ತಿದ್ವಿ” ಎಂದಳು. ಅತ್ತಿಗೆ ತಟ್ಟೆ ಹಾಕಿದರೂ ಅವಳು ಊಟಕ್ಕೆ ಕೂರದೆ ಹೊರಟಳು. ಹತ್ತು ದಿನ ಬೇರೆ ದಾರಿಯಿಂದ ಕಾರ್ಖಾನೆಗೆ ಹೋದಳು.

ಅವಳು ಅಚ್ಚಿನ ಮೆಷಿನ್ನಿಗೆ ಮರಳಿದಳು. ಡಾಕ್ಟರನನ್ನು ಹಾಲಿನಿಂದ ತೆಗೆದು, ಸ್ಟೋರಿನ ಪಕ್ಕದ ಕೋಣೆಯಲ್ಲಿ ಮೇಜು ಹಾಕಿ ಕೂರಿಸಿದರು. ತಲೆಯಲ್ಲಿದ್ದುದನ್ನೆಲ್ಲ ಹಾಳೆಗೆ ಇಳಿಸಬೇಕು, ಒಂದು ವಿಷಯಕ್ಕೆ ಒಂದೇ ಹಾಳೆ. ಸ್ಪ್ಯಾನರ್ ಹಿಡಿದ ಕೈಗೆ ಪೆನ್ನು ಒಗ್ಗಲಿಲ್ಲ; ಅರ್ಧ ಹಾಳೆಗೆ ಅರ್ಧ ದಿನ. ಮೆಷಿನ್ ನಿಂತಾಗ ಹಾಲಿನಲ್ಲಿ ಬೇರೆ ಫಿಟ್ಟರನ ಹೆಸರು ಕೂಗುತ್ತಿದ್ದರು. ಅದು ಅವನಿಗೆ ಕೇಳಿಸುತ್ತಿರಲಿಲ್ಲ, ಆದರೆ ಕಿಟಕಿಯಾಚೆ ಆ ಫಿಟ್ಟರ್ ಓಡುವುದು ಕಾಣುತ್ತಿತ್ತು. ಆಗೆಲ್ಲ ಅರ್ಧ ಎದ್ದು, ಮತ್ತೆ ಕೂರುತ್ತಿದ್ದ. ಮೂವತ್ತು ವರ್ಷ ಓಡಿದ ಕಾಲು, ಹೇಳಿದರೆ ಕೇಳುತ್ತದೆಯೇ? ದಿನ ಕಳೆದಂತೆ ಏಳುವುದು ಕಡಿಮೆಯಾಯಿತು.

ಹನ್ನೊಂದನೆಯ ದಿನ ಊಟದ ಬಿಡುವಿನಲ್ಲಿ ತಂಗಿ ಕೋಣೆಗೆ ಬಂದಳು. ಮೇಜಿನ ಮೇಲಿದ್ದ ಹಾಳೆ ಎತ್ತಿಕೊಂಡು ಓದಿದಳು. ಬೇರಿಂಗಿನ ಬಗ್ಗೆ ಅವನು ಬರೆದದ್ದು ಅದು.

“ಇದೇನು? ಕವಚದ ಮೇಲೆ ಅಂಗೈ ಇಡಿ, ಬಿಸಿಗೆ ಮೂರು ಎಣಿಸೋ ತನಕ ಇಡೋಕಾಗ್ದಿದ್ರೆ ಕೆಂಪು ಚೀಟಿ ಕಟ್ಟಿ. ಇಷ್ಟೇನಾ?”

“ಇಷ್ಟೇ. ಕಿವಿ ಬೇಡ ಅದಕ್ಕೆ.”

“ಇಷ್ಟು ಸುಲಭ ಇದ್ರೆ ಮುಂಚೆನೇ ಹೇಳ್ಬಾರ್ದಿತ್ತಾ?”

“ಸುಲಭ ಅಂತಾನೇ ಹೇಳ್ಲಿಲ್ಲ” ಎಂದ ಅವನು.

ಅವಳಿಗೆ ನಗು ಬಂತು, ಬೇಡವೆಂದರೂ ಬಂತು. ಕುರ್ಚಿಯನ್ನು ಎಳೆದುಕೊಂಡು ಕೂತು, ಪೆನ್ನು ತೆಗೆದುಕೊಂಡು ಹಾಳೆಯ ಮೇಲೆ ಏನೋ ತಿದ್ದುತ್ತ, ತಲೆ ಎತ್ತದೆ ಒಂದು ಮಾತು ಹೇಳಿದಳು.

“ಕೇಳಿಸ್ಲಿಲ್ಲ. ಇನ್ನೊಂದ್ ಸಲ ಹೇಳು” ಎಂದ.

ಅವಳು ತಲೆ ಎತ್ತಿದಳು. “ಬೇರಿಂಗ್‌ಗೆ ಸೊನ್ನೆ ಹಾಕಿಲ್ಲ ಅಂದೆ. ‘ಬೇರಿಗ್’ ಅಂತ ಬರೆದಿದೀಯ, ಮೂರು ಕಡೆ.”

“ತಿದ್ದು ಹಾಗಾದ್ರೆ” ಎಂದು ಅವನು ಊಟದ ಡಬ್ಬಿ ಬಿಚ್ಚಿ, ಅರ್ಧವನ್ನು ಅವಳ ಕಡೆಗೆ ಸರಿಸಿದ.